ಅರವತ್ತೊಂದು ಕೇಳಿದ ಸಂಖ್ಯೆ

1766319049. ನೂರ ಎಪ್ಪತ್ತಾರು ಕೋಟಿ ಅರವತ್ತಮೂರು ಲಕ್ಷ ಹತ್ತೊಂಬತ್ತು ಸಾವಿರದ ನಲವತ್ತೊಂಬತ್ತು. ನೋಡಲಿಕ್ಕೆ ಇದರಲ್ಲಿ ವಿಶೇಷವೇನೂ ಕಾಣುವುದಿಲ್ಲ. ಅಂಕಿಗಳು ಒಂದು ಕ್ರಮದಲ್ಲಿ ಏರುವುದಿಲ್ಲ, ಇಳಿಯುವುದಿಲ್ಲ. ಹಿಂದಿನಿಂದ ಓದಿದರೆ ಬೇರೆಯೇ ಸಂಖ್ಯೆ. ಬರೆದಿಟ್ಟರೆ ಯಾರೂ ತಿರುಗಿ ನೋಡಲಾರರು.

ಕಣ್ಣಿಗೆ ಒಪ್ಪುವ ಸಂಖ್ಯೆಗಳನ್ನು ನಮ್ಮ ನಾಡಿನಲ್ಲಿ ಬಹಳ ಹಿಂದೆಯೇ ಪ್ರೀತಿಯಿಂದ ಕಟ್ಟಿದವರಿದ್ದಾರೆ. 9ನೆಯ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯ ಬರೆದ ‘ಗಣಿತಸಾರಸಂಗ್ರಹ’ದಲ್ಲಿ ಕೊರಳಿನ ಹಾರದಂತೆ ಎರಡೂ ಕಡೆಯಿಂದ ಒಂದೇ ಸಮನೆ ಕಾಣುವ ಗುಣಲಬ್ಧಗಳು ಬರುತ್ತವೆ. ಒಂದರಿಂದ ಆರರವರೆಗೆ ಏರಿ ಮತ್ತೆ ಒಂದಕ್ಕೆ ಇಳಿಯುವ 12345654321 ಅವುಗಳಲ್ಲೊಂದು. 27994681 ಅನ್ನು 441ರಿಂದ ಗುಣಿಸಿದರೆ ಅದು ಸಿಗುತ್ತದೆ; 111111ರ ವರ್ಗವೂ ಅದೇ. ಗುಣಾಕಾರ ಕಲಿಯುವವನಿಗೆ ಉತ್ತರ ಬಂದ ಕ್ಷಣ ಮುಖ ಅರಳಲಿ ಎಂಬ ಆಸೆ ಅದರಲ್ಲಿ ಕಾಣುತ್ತದೆ. ಆದರೆ ಆ ಸಂಖ್ಯೆಯನ್ನು ಮಹಾವೀರ ಆರಿಸಿಕೊಂಡಿದ್ದ. ಚಂದ ಮೊದಲು ಬಂತು, ಲೆಕ್ಕ ಆಮೇಲೆ ಬಂತು.

1766319049 ಅನ್ನು ಯಾರೂ ಆರಿಸಲಿಲ್ಲ. ಅದು ಒಂದು ಪುಟ್ಟ ಪ್ರಶ್ನೆಗೆ ತಾನಾಗಿ ಬಂದ ಉತ್ತರ. ಅದಕ್ಕೇ ಅದು ನನ್ನನ್ನು ಬಿಡದೆ ಕಾಡುತ್ತದೆ.

ಪ್ರಶ್ನೆ ಇಷ್ಟೆ. ಯಾವ ಸಂಖ್ಯೆಯ ವರ್ಗವನ್ನು 61ರಿಂದ ಗುಣಿಸಿ ಒಂದು ಕೂಡಿಸಿದರೆ ಮತ್ತೊಂದು ಪೂರ್ಣವರ್ಗ ಬರುತ್ತದೆ? ಸೊನ್ನೆಯನ್ನು ಬಿಟ್ಟು, ಭಿನ್ನರಾಶಿಗಳನ್ನೂ ಬಿಟ್ಟು, ಪೂರ್ಣ ಸಂಖ್ಯೆಗಳಲ್ಲೇ ಹೇಳಬೇಕು. ಭಾಸ್ಕರಾಚಾರ್ಯ 1150ರಲ್ಲಿ, ತನ್ನ ಮೂವತ್ತಾರನೆಯ ವಯಸ್ಸಿನಲ್ಲಿ ಮುಗಿಸಿದ ‘ಸಿದ್ಧಾಂತಶಿರೋಮಣಿ’ಯ ಬೀಜಗಣಿತ ಭಾಗದಲ್ಲಿ ಇದನ್ನು ಕೇಳುತ್ತಾನೆ. ಕೇಳಿ ಉತ್ತರವನ್ನೂ ಕೊಡುತ್ತಾನೆ: ಚಿಕ್ಕ ಸಂಖ್ಯೆ 226153980, ದೊಡ್ಡದು 1766319049. ಇವೆರಡಕ್ಕಿಂತ ಸಣ್ಣ ಜೋಡಿ ಇಲ್ಲವೇ ಇಲ್ಲ.

ಈ ಕೊನೆಯ ಮಾತು ಎಷ್ಟು ವಿಚಿತ್ರ ಎಂದು ತಿಳಿಯಬೇಕಾದರೆ 61ರ ಅಕ್ಕಪಕ್ಕ ನೋಡಬೇಕು. ಇದೇ ಪ್ರಶ್ನೆಯನ್ನು 60ಕ್ಕೆ ಕೇಳಿದರೆ ಉತ್ತರ 4 ಮತ್ತು 31. ನಾಲ್ಕರ ವರ್ಗ 16, ಅರವತ್ತರಿಂದ ಗುಣಿಸಿದರೆ 960, ಒಂದು ಕೂಡಿಸಿದರೆ 961, ಅದು ಮೂವತ್ತೊಂದರ ವರ್ಗ. 62ಕ್ಕೆ ಕೇಳಿದರೆ 8 ಮತ್ತು 63. ಮಗ್ಗಿ ಗೊತ್ತಿದ್ದವರು ಬಾಯಲ್ಲೇ ಹೇಳಬಹುದಾದ ಉತ್ತರಗಳು. ಎರಡೂ ಬದಿಯ ಮನೆಗಳಲ್ಲಿ ಎರಡಂಕಿಯ ಉತ್ತರ, ನಡುವಿನ ಮನೆಯಲ್ಲಿ ಹತ್ತು ಅಂಕಿಯದು. 61 ಹೊರಗಿನಿಂದ ನೋಡಲು ನೆರೆಹೊರೆಯವರಂತೆಯೇ ಇದೆ. ಆದರೆ ಒಂದು ಸಂಖ್ಯೆ ಏನನ್ನು ಒಳಗಿಟ್ಟುಕೊಂಡಿದೆ ಎಂಬುದು ಅದರ ಗಾತ್ರದಿಂದ ತಿಳಿಯುವುದಿಲ್ಲ. ಅದಕ್ಕೆ ಸರಿಯಾದ ಪ್ರಶ್ನೆಯನ್ನು ಹಾಕಬೇಕಾಗುತ್ತದೆ.

ಒಂದೊಂದಾಗಿ ಹುಡುಕಲು ಹೊರಟವನ ಗತಿ ಏನು? 1ರ ವರ್ಗವನ್ನು 61ರಿಂದ ಗುಣಿಸಿ ಒಂದು ಕೂಡಿಸಿದರೆ 62, ಪೂರ್ಣವರ್ಗವಲ್ಲ. 2ಕ್ಕೆ 245, ಅದೂ ಅಲ್ಲ. 3ಕ್ಕೆ 550, ಅಲ್ಲ. ಸೆಕೆಂಡಿಗೆ ಒಂದರಂತೆ ಹಗಲೂ ರಾತ್ರಿ ಬಿಡದೆ ನೋಡುತ್ತ ಹೋದರೂ ಉತ್ತರ ಮುಟ್ಟಲು ಏಳು ವರ್ಷಕ್ಕಿಂತ ಹೆಚ್ಚು ಬೇಕು. ಅಷ್ಟು ದಿನವೂ ಸಿಗುವ ಉತ್ತರ ಒಂದೇ, ‘ಇಲ್ಲ’. 22 ಕೋಟಿ 61 ಲಕ್ಷ 53 ಸಾವಿರದ 979 ಸಲ ‘ಇಲ್ಲ’. ಲೋಕದ ಯಾವ ವ್ಯವಹಾರದಲ್ಲಾದರೂ ಇಷ್ಟು ಸಾಕ್ಷಿ ಸಿಕ್ಕರೆ ನಾವು ತೀರ್ಮಾನ ಬರೆದುಬಿಡುತ್ತೇವೆ. ಒಂದು ಲಕ್ಷ ಸಲ ಆದದ್ದು ಮತ್ತೊಂದು ಸಲವೂ ಆಗುತ್ತದೆಂದು ನಂಬಿಯೇ ನಮ್ಮ ದಿನ ನಡೆಯುತ್ತದೆ, ನಡೆಯಲೂ ಬೇಕು. ಸಂಖ್ಯೆಗಳ ನಡುವೆ ಆ ನಂಬಿಕೆಗೆ ಬೆಲೆಯಿಲ್ಲ. ಇಪ್ಪತ್ತೆರಡು ಕೋಟಿ ಸಾಕ್ಷಿಗಳು ಸೇರಿದರೂ ಅಲ್ಲಿ ಒಂದು ಸಾಧನೆಯಾಗುವುದಿಲ್ಲ. ಮುಂದಿನ ಒಂದೇ ಒಂದು ಸಂಖ್ಯೆ ‘ಹೌದು’ ಎಂದಿತೆಂದರೆ ಹಿಂದಿನದೆಲ್ಲ ಬಿದ್ದುಹೋಗುತ್ತದೆ.

ಆ ‘ಹೌದು’ ಎಂಥದ್ದೆಂದು ಬರೆದು ನೋಡಬೇಕು. 1766319049ರ ವರ್ಗ 3119882982860264401. 226153980ರ ವರ್ಗವನ್ನು 61ರಿಂದ ಗುಣಿಸಿದರೆ 3119882982860264400. ಹತ್ತೊಂಬತ್ತು ಅಂಕಿಗಳಲ್ಲಿ ಹದಿನೆಂಟು ಒಂದೇ, ಕೊನೆಯ ಸ್ಥಾನದಲ್ಲಿ ಮಾತ್ರ ಒಂದರ ವ್ಯತ್ಯಾಸ. ಈ ಎರಡು ಎಂದೂ ಸಮವಾಗಲಾರವು, ಏಕೆಂದರೆ 61ರ ವರ್ಗಮೂಲ ಯಾವ ಭಿನ್ನರಾಶಿಯಲ್ಲೂ ಹಿಡಿಸುವುದಿಲ್ಲ; ಯಾವ ವರ್ಗವೂ ಇನ್ನೊಂದು ವರ್ಗದ 61 ಪಟ್ಟು ಆಗುವಂತಿಲ್ಲ. ಸಮವಾಗಲು ಸಾಧ್ಯವಿಲ್ಲದ ಮೇಲೆ ಪೂರ್ಣ ಸಂಖ್ಯೆಗಳಲ್ಲಿ ಉಳಿಯುವ ಅತಿ ಕಡಿಮೆ ಅಂತರ ಒಂದು. ಅದಕ್ಕಿಂತ ಹತ್ತಿರ ಹೋಗಲಾಗದು ಎನ್ನುವಷ್ಟು ಹತ್ತಿರ ಈ ಜೋಡಿ ಹೋಗಿದೆ. ದೊಡ್ಡದನ್ನು ಚಿಕ್ಕದರಿಂದ ಭಾಗಿಸಿದರೆ 7.81024967590665439 ಎಂದು ಬರುತ್ತದೆ, ಇಲ್ಲಿಯವರೆಗೆ ಅದು 61ರ ವರ್ಗಮೂಲವೇ. ದಶಮಾಂಶದ ಹದಿನೆಂಟನೆಯ ಸ್ಥಾನದಲ್ಲಿ ಮಾತ್ರ ಎರಡೂ ಬೇರೆಯಾಗುತ್ತವೆ.

ಏಳು ವರ್ಷ ಹುಡುಕುವ ಬದಲು ಭಾಸ್ಕರ ಮಾಡಿದ ಲೆಕ್ಕ ಒಂದು ಹಾಳೆಯ ಅರ್ಧದಲ್ಲಿ ಹಿಡಿಯುತ್ತದೆ. ಆ ದಾರಿಯ ಮೊದಲ ಹೆಜ್ಜೆ ಅವನದಲ್ಲ. ಐದು ಶತಮಾನ ಮೊದಲು, 628ರಲ್ಲಿ, ಬ್ರಹ್ಮಗುಪ್ತ ‘ಬ್ರಾಹ್ಮಸ್ಫುಟಸಿದ್ಧಾಂತ’ದಲ್ಲಿ ಇದೇ ಬಗೆಯ ಪ್ರಶ್ನೆಯನ್ನು 92ಕ್ಕೆ ಕೇಳಿದ್ದ, ಒಂದು ವರ್ಷದೊಳಗೆ ಬಿಡಿಸಿದವನನ್ನು ಗಣಕನೆಂದು ಒಪ್ಪುತ್ತೇನೆ ಎಂಬ ಅರ್ಥದ ಮಾತನ್ನೂ ಹೇಳಿದ್ದ. ಅದರ ಉತ್ತರ 120 ಮತ್ತು 1151. ಈ ಲೆಕ್ಕದಲ್ಲಿ ಬರುವ ಹೆಸರುಗಳು ಇವು: 61ರಂಥ ಗುಣಕ ‘ಪ್ರಕೃತಿ’, ಚಿಕ್ಕ ಮೂಲ ‘ಕನಿಷ್ಠ’, ದೊಡ್ಡ ಮೂಲ ‘ಜ್ಯೇಷ್ಠ’, ಕೂಡಿಸುವ ಸಂಖ್ಯೆ ‘ಕ್ಷೇಪ’. ನಮಗೆ ಬೇಕಾದ ಕ್ಷೇಪ ಒಂದು. ಅದು ನೇರವಾಗಿ ಸಿಗದಿದ್ದರೆ ಬೇರೆ ಕ್ಷೇಪದ ಜೋಡಿಗಳನ್ನು ಹಿಡಿದು ಒಂದರೊಡನೊಂದು ಬೆರೆಸಬಹುದೆಂದು ಬ್ರಹ್ಮಗುಪ್ತ ಕಂಡ. ಎರಡು ಜೋಡಿಗಳ ಕನಿಷ್ಠ ಜ್ಯೇಷ್ಠಗಳನ್ನು ಅಡ್ಡಡ್ಡಲಾಗಿ ಗುಣಿಸಿ ಕೂಡಿಸಿದರೆ ಹೊಸ ಕನಿಷ್ಠ. ಜ್ಯೇಷ್ಠಗಳ ಗುಣಲಬ್ಧಕ್ಕೆ ಕನಿಷ್ಠಗಳ ಗುಣಲಬ್ಧದ 61 ಪಟ್ಟನ್ನು ಸೇರಿಸಿದರೆ ಹೊಸ ಜ್ಯೇಷ್ಠ. ಕ್ಷೇಪಗಳು ತಮ್ಮತಮ್ಮಲ್ಲೇ ಗುಣಿಸಿಕೊಳ್ಳುತ್ತವೆ. ಇದಕ್ಕೆ ‘ಭಾವನಾ’ ಎಂದು ಹೆಸರು. ಎರಡು ಅರೆ ಉತ್ತರಗಳು ಸೇರಿ ಮೂರನೆಯ ಉತ್ತರ ಹುಟ್ಟುವ ಈ ಉಪಾಯ ಇಂದಿಗೂ ಸಂಖ್ಯಾಸಿದ್ಧಾಂತದ ಬುಡದಲ್ಲಿದೆ.

ಭಾವನಾ ಒಂದರಿಂದಲೇ ಎಲ್ಲವೂ ಬಗೆಹರಿಯುವುದಿಲ್ಲ. ಕ್ಷೇಪಗಳು ಗುಣಿಸಿಕೊಂಡು ಬೆಳೆಯುತ್ತವೆ. ಅವುಗಳನ್ನು ಮತ್ತೆ ಇಳಿಸಬೇಕು. ಇಳಿಸುವ ಕ್ರಮವೇ ಚಕ್ರವಾಳ. ಭಾಸ್ಕರನ ಹೆಸರಿನೊಡನೆ ಅದನ್ನು ನೆನೆಯುವುದು ರೂಢಿಯಾದರೂ, ಜಯದೇವ ಎಂಬ ಆಚಾರ್ಯ ಅದನ್ನು ಮೊದಲೇ ಬಲ್ಲವನಾಗಿದ್ದ. 1073ರಲ್ಲಿ ಉದಯದಿವಾಕರ ಬರೆದ ಒಂದು ವ್ಯಾಖ್ಯಾನದಲ್ಲಿ ಅವನ ಶ್ಲೋಕಗಳು ಉಳಿದಿದ್ದವು, ಲಖನೌದ ಕೆ. ಎಸ್. ಶುಕ್ಲ ಅವರು 1954ರಲ್ಲಿ ಅವನ್ನು ಬೆಳಕಿಗೆ ತಂದರು. ಜಯದೇವನ ಊರು ಯಾವುದು, ಗುರು ಯಾರು, ಒಂದೂ ಉಳಿದಿಲ್ಲ. ಒಂದು ವಿಧಾನ ಮಾತ್ರ ಉಳಿದಿದೆ. ಗಣಿತದಲ್ಲಿ ಅಷ್ಟು ಉಳಿದರೆ ಆಳು ಉಳಿದಂತೆಯೇ ಎಂದು ನನಗೆ ಅನ್ನಿಸುತ್ತದೆ.

ಈಗ ಆ ಅರ್ಧ ಹಾಳೆ. 61ಕ್ಕೆ ಹತ್ತಿರದ ವರ್ಗ 64, ಅಂದರೆ 8ರ ವರ್ಗ. ಹಾಗಾಗಿ ಕನಿಷ್ಠ 1, ಜ್ಯೇಷ್ಠ 8, ಕ್ಷೇಪ 3 ಎಂದು ಶುರುಮಾಡಬೇಕು. 8ಕ್ಕೆ ಏನು ಕೂಡಿಸಿದರೆ ಕ್ಷೇಪ 3ರಿಂದ ನಿಶ್ಶೇಷವಾಗಿ ಭಾಗವಾಗುತ್ತದೆ? 1, 4, 7, 10, ಹೀಗೆ. ಇವುಗಳಲ್ಲಿ ಯಾವುದರ ವರ್ಗ 61ಕ್ಕೆ ಸಮೀಪ? 7ರದು 49, ಹನ್ನೆರಡು ಕಡಿಮೆ. 10ರದು 100, ಮೂವತ್ತೊಂಬತ್ತು ಹೆಚ್ಚು. 7 ಇರಲಿ. 8ಕ್ಕೆ 7 ಕೂಡಿಸಿ 3ರಿಂದ ಭಾಗಿಸಿದರೆ 5. ಇದು ಹೊಸ ಕನಿಷ್ಠ. 8ನ್ನು 7ರಿಂದ ಗುಣಿಸಿ 61 ಕೂಡಿಸಿದರೆ 117, ಮೂರರಿಂದ ಭಾಗಿಸಿದರೆ 39. ಇದು ಹೊಸ ಜ್ಯೇಷ್ಠ. ಕಡಿಮೆ ಬಿದ್ದ ಹನ್ನೆರಡನ್ನು ಮೂರರಿಂದ ಭಾಗಿಸಿದರೆ ಋಣ ನಾಲ್ಕು. ಇದು ಹೊಸ ಕ್ಷೇಪ. ತಾಳೆ ನೋಡಬಹುದು: 25ರ 61 ಪಟ್ಟು 1525, ನಾಲ್ಕು ಕಳೆದರೆ 1521, ಅದು 39ರ ವರ್ಗ.

ಕ್ಷೇಪ ನಾಲ್ಕಾದದ್ದು ಅದೃಷ್ಟ. ನಾಲ್ಕನ್ನು ಏನು ಮಾಡಬೇಕೆಂದು ಬ್ರಹ್ಮಗುಪ್ತ ಹೇಳಿಟ್ಟಿದ್ದ, ಭಾಸ್ಕರ ಅದನ್ನೇ ಬಳಸಿಕೊಂಡ. ಎರಡೂ ಮೂಲಗಳನ್ನು ಅರ್ಧ ಮಾಡಿದರೆ ಎರಡೂವರೆ ಮತ್ತು ಹತ್ತೊಂಬತ್ತೂವರೆ, ಕ್ಷೇಪ ಋಣ ಒಂದು. ಭಿನ್ನರಾಶಿ ಬಂತಲ್ಲ ಎಂದು ಹೆದರಬೇಕಿಲ್ಲ. ಈ ಜೋಡಿಯನ್ನು ತನ್ನೊಡನೆಯೇ ಭಾವನಾ ಮಾಡಿದರೆ 195ರ ಅರ್ಧ ಮತ್ತು 1523ರ ಅರ್ಧ, ಕ್ಷೇಪ ಒಂದು. ಇದನ್ನು ಹಿಂದಿನ ಅರ್ಧಗಳೊಡನೆ ಇನ್ನೊಮ್ಮೆ ಬೆರೆಸಿದರೆ ಭಿನ್ನಗಳು ಕರಗಿ ಪೂರ್ಣ ಸಂಖ್ಯೆಗಳು ಬರುತ್ತವೆ: 3805 ಮತ್ತು 29718, ಕ್ಷೇಪ ಋಣ ಒಂದು. ಕೊನೆಗೊಮ್ಮೆ ಇದನ್ನೇ ತನ್ನೊಡನೆ ಬೆರೆಸಿದರೆ ಋಣ ಒಂದು ತನ್ನಿಂದ ತಾನೇ ಗುಣಿಸಿ ಧನ ಒಂದಾಗುತ್ತದೆ. ಕನಿಷ್ಠ 226153980, ಜ್ಯೇಷ್ಠ 1766319049.

ಪೆನ್ಸಿಲು ಹಿಡಿದು ಇದನ್ನು ಬರೆಯುತ್ತ ಹೋಗುವಾಗ ಸಂಖ್ಯೆ ಹೇಗೆ ಉಬ್ಬುತ್ತದೆಂದು ಕೈಗೇ ಗೊತ್ತಾಗುತ್ತದೆ. ಒಂದಂಕಿಯಿಂದ ಎರಡು, ನಾಲ್ಕು, ಐದು, ಆಮೇಲೆ ಒಮ್ಮೆಗೇ ಹತ್ತು. ಯಾವ ಸಾಲಿನಲ್ಲೂ ಬಲವಂತವಿಲ್ಲ. ಪ್ರತಿ ಸಲವೂ ಹತ್ತಿರದ್ದನ್ನು, ಸಣ್ಣದನ್ನು ಆರಿಸಿಕೊಂಡೇ ನಡೆದಿದ್ದೇವೆ. ಆದರೂ ಮುಟ್ಟಿದ್ದು ನೂರ ಎಪ್ಪತ್ತಾರು ಕೋಟಿ.

ಬ್ರಹ್ಮಗುಪ್ತನ ಒಳದಾರಿ ಹಿಡಿಯದೆ ಚಕ್ರವನ್ನೇ ಕೊನೆಯವರೆಗೆ ತಿರುಗಿಸಿದರೂ ಅಲ್ಲಿಗೇ ಬರುತ್ತೇವೆ, ಹದಿನಾಲ್ಕು ಸುತ್ತಿನಲ್ಲಿ. ಲೆಕ್ಕ ಬೇಗ ಮುಗಿಯಬೇಕೆಂಬ ಅವಸರವಿಲ್ಲದವರಿಗೆ ಈ ಸುತ್ತುದಾರಿಯೇ ಹೆಚ್ಚು ಚೆಂದ. ಜ್ಯೇಷ್ಠಗಳು 8, 39, 164, 453, 1523, 5639, 29718 ಎಂದು ಏರುತ್ತ ಹೋಗುತ್ತವೆ. ಜೊತೆಯಲ್ಲಿ ಬರುವ ಕ್ಷೇಪಗಳು ಇವು: 3, ಋಣ 4, ಋಣ 5, 5, 4, ಋಣ 3, ಋಣ 1. ಅಲ್ಲಿಂದ ಮುಂದೆ: ಋಣ 3, 4, 5, ಋಣ 5, ಋಣ 4, 3, ಕೊನೆಗೆ 1. ನಡುವಿನ ಋಣ ಒಂದರ ಎಡಕ್ಕೂ ಬಲಕ್ಕೂ ಅವೇ ಕ್ಷೇಪಗಳು, ಕನ್ನಡಿ ಹಿಡಿದಂತೆ. ಮಹಾವೀರನ ಹಾರ ಇಲ್ಲೂ ಇದೆ. ಅವನದು ಅಂಕಿಗಳಲ್ಲಿ ಎದ್ದು ಕಾಣುತ್ತಿತ್ತು, ಇದು ಲೆಕ್ಕದ ಒಳಗೆ ಸಾಗಿಹೋಗಿದೆ. ಮೇಲೆ ಮೂಲಗಳು ಕೋಟಿ ದಾಟಿ ಬೆಳೆದರೂ ವರ್ಗಗಳ ನಡುವಿನ ಅಂತರ ಒಮ್ಮೆಯೂ ಐದನ್ನು ಮೀರುವುದಿಲ್ಲ. ನನಗೆ ಇಡೀ ಲೆಕ್ಕದಲ್ಲಿ ಬಹಳ ಹಿಡಿಸಿದ್ದು ಈ ಐದು. ಹತ್ತೊಂಬತ್ತು ಅಂಕಿಯ ಎರಡು ಸಂಖ್ಯೆಗಳು ಐದರ ಅಳತೆಯೊಳಗೆ ಜೊತೆಜೊತೆಯಾಗಿ ನಡೆದು ಬಂದಿವೆ ಎಂದಾಗ, ದೊಡ್ಡದೆಂದರೆ ಅಂಕೆ ಮೀರಿದ್ದು ಎಂಬ ಭಾವನೆ ನನ್ನ ಮನಸ್ಸಿನಲ್ಲಿ ನಿಲ್ಲುವುದಿಲ್ಲ.

ಇದನ್ನು ಮಾಡಿದವನು ಎಲ್ಲಿ ಕುಳಿತು ಮಾಡಿದ? ತನ್ನೂರು ಸಹ್ಯಾದ್ರಿಯ ಸಮೀಪದ ವಿಜ್ಜಡವಿಡ ಎಂದು ಭಾಸ್ಕರ ಹೇಳಿಕೊಂಡಿದ್ದಾನೆ. ಅದು ನಮ್ಮ ವಿಜಯಪುರವೇ ಎನ್ನುವವರಿದ್ದಾರೆ. ಮಹಾರಾಷ್ಟ್ರದ ಚಾಳೀಸಗಾಂವ್ ಬಳಿಯ ಪಾಟಣ ಎನ್ನುವವರೂ ಇದ್ದಾರೆ. ಅವನ ಗ್ರಂಥಗಳನ್ನು ಕಲಿಸಲು ಮೊಮ್ಮಗ ಚಂಗದೇವ ಒಂದು ಮಠವನ್ನು ಏರ್ಪಡಿಸಿದ ವಿಷಯವನ್ನು ಹೇಳುವ ಶಾಸನ ಅಲ್ಲಿ ಸಿಕ್ಕಿದೆ. ಊರಿನ ವಿಷಯದಲ್ಲಿ ಪಟ್ಟುಹಿಡಿಯಲು ನನಗೆ ಮನಸ್ಸಿಲ್ಲ. ಹಲಗೆಯ ಮೇಲೆ ಧೂಳು ಹರಡಿ, ಕಡ್ಡಿಯಿಂದ ಗೀಚಿ, ಒರೆಸಿ, ಮತ್ತೆ ಗೀಚುವ ಕಾಲ ಅದು. ಲೆಕ್ಕಕ್ಕೆ ಧೂಳೀಕರ್ಮ ಎಂಬ ಹೆಸರೇ ಇತ್ತು. ಒರೆಸಿದ ಮೇಲೆ ಹಿಂದಿನ ಸಾಲು ಇಲ್ಲ. 29718 ಬಂದಾಗ 39 ಹಲಗೆಯ ಮೇಲಿರಲಿಲ್ಲ, ತಲೆಯಲ್ಲಿತ್ತು. ಅಂಥ ಹಲಗೆಯ ಮೇಲೆ ಒಂದಂಕಿಯೂ ತಪ್ಪದೆ ಬಂದ ಉತ್ತರ ಇದು ಎಂದು ನೆನೆದಾಗ ಗೌರವ ತಾನಾಗಿ ಮೂಡುತ್ತದೆ.

1657ರಲ್ಲಿ ಫ್ರಾನ್ಸಿನ ತುಲೂಸಿನಲ್ಲಿದ್ದ ಪಿಯರ್ ದ ಫರ್ಮಾ ಯುರೋಪಿನ ಗಣಿತಜ್ಞರಿಗೆ ಇದೇ ಪ್ರಶ್ನೆಯನ್ನು ಸವಾಲಾಗಿ ಕಳಿಸಿದ. ಗೆಳೆಯ ಫ್ರೆನಿಕ್ಲ್‌ಗೆ ಬರೆದ ಪತ್ರದಲ್ಲಿ, ಹೆಚ್ಚು ತೊಂದರೆಯಾಗದಿರಲೆಂದು ಸಣ್ಣ ಸಂಖ್ಯೆಗಳನ್ನೇ ಕೊಡುತ್ತಿದ್ದೇನೆ ಎಂಬರ್ಥದಲ್ಲಿ ಹೇಳಿ ಎರಡು ಉದಾಹರಣೆ ಕೊಟ್ಟ: 61 ಮತ್ತು 109. ಭಾಸ್ಕರನ ಬೀಜಗಣಿತ ಕೋಲ್‌ಬ್ರೂಕನ ಇಂಗ್ಲಿಷ್ ಅನುವಾದದಲ್ಲಿ ಲಂಡನ್ನಿನಲ್ಲಿ ಅಚ್ಚಾದದ್ದು 1817ರಲ್ಲಿ. ಫರ್ಮಾನ ಕಾಲಕ್ಕೆ ಅತ್ತಣ ಗಣಿತಜ್ಞರಿಗೆ ಅದರ ಸುಳಿವಿರಲಿಲ್ಲ. ಆದರೂ ಅವನ ಕೈ 61ರ ಮೇಲೇ ಹೋಯಿತು. ಇದು ಬರಿಯ ಕಾಕತಾಳೀಯವಲ್ಲ. ನೂರರೊಳಗಿನ ಸಂಖ್ಯೆಗಳಲ್ಲಿ ಅತಿ ದೊಡ್ಡ ಉತ್ತರ ಇರುವುದು 61ಕ್ಕೇ; ಈ ಪ್ರಶ್ನೆಯನ್ನು ಆಳವಾಗಿ ಅಗೆದವರೆಲ್ಲ ಅಲ್ಲಿ ನಿಲ್ಲಲೇಬೇಕು. ಇಂಗ್ಲೆಂಡಿನಲ್ಲಿ ವಿಲಿಯಂ ಬ್ರೌಂಕರ್ ಬಿಡಿಸುವ ವಿಧಾನ ಕಂಡುಕೊಂಡ. ಎಂಥ ಪ್ರಕೃತಿ ಕೊಟ್ಟರೂ, ಅದು ತಾನೇ ಪೂರ್ಣವರ್ಗವಾಗಿರದಿದ್ದರೆ, ಉತ್ತರ ಇದ್ದೇ ಇರುತ್ತದೆಂದು 1760ರ ದಶಕದ ಕೊನೆಯಲ್ಲಿ ಲಗ್ರಾಂಜ್ ಸಾಧಿಸಿ ತೋರಿಸಿದ. ನಡುವೆ ಆಯ್ಲರ್ ಈ ಸಮೀಕರಣಕ್ಕೆ ಅದರೊಡನೆ ಹೆಚ್ಚು ಸಂಬಂಧವಿಲ್ಲದ ಜಾನ್ ಪೆಲ್‌ನ ಹೆಸರನ್ನು ಅಂಟಿಸಿದ್ದು ಬೇರೆ ಕಥೆ. ಅದಕ್ಕಾಗಿ ಬೇಸರಪಡುವವರಿದ್ದಾರೆ, ಪಡಲಿ. ಹೆಸರು ಯಾರದ್ದಾದರೇನು, ಹಲಗೆಯ ಧೂಳಿನಲ್ಲಿ ಬಂದ ಹತ್ತು ಅಂಕಿಗಳು ಯುರೋಪಿನ ಕಾಗದದ ಮೇಲೂ ಅವೇ ಆಗಿ ಬಂದವು. ಇನ್ನೊಂದು ರೀತಿ ಬರಲು ಅವುಗಳಿಗೆ ಎಡೆಯೇ ಇರಲಿಲ್ಲ.

ಸಂಖ್ಯೆಯನ್ನೇ ಈಗ ಒಡೆದು ನೋಡೋಣ. ಅದರಿಂದ ಒಂದು ಕಳೆದು ಅರ್ಧ ಮಾಡಿದರೆ 883159524, ಅದು 29718ರ ವರ್ಗ. ಒಂದು ಕೂಡಿಸಿ ಅರ್ಧ ಮಾಡಿದರೆ 883159525, ಅದು 3805ರ ವರ್ಗದ 61 ಪಟ್ಟು. ಅಂದರೆ ಅಕ್ಕಪಕ್ಕದ ಎರಡು ಸಂಖ್ಯೆಗಳು, ಒಂದು ಶುದ್ಧ ವರ್ಗ, ಇನ್ನೊಂದು 61 ಹೊತ್ತ ವರ್ಗ. ಅವೆರಡರ ಮೊತ್ತವೇ 1766319049. ಲೆಕ್ಕದ ಕೊನೆಯ ಹಿಂದಿನ ಸಾಲು ಹೀಗೆ ಉತ್ತರದೊಳಗೆ ಇಡಿಯಾಗಿ ಕುಳಿತಿದೆ. ಅವಿಭಾಜ್ಯಗಳಾಗಿ ಒಡೆದರೆ 11, 59, 1523, 1787. ಈ ನಾಲ್ಕರ ಗುಣಲಬ್ಧವೇ ನಮ್ಮ ಸಂಖ್ಯೆ. ಮೂರನೆಯದನ್ನು ನಾವು ಆಗಲೇ ಕಂಡಿದ್ದೇವೆ: ಭಿನ್ನರಾಶಿಗಳ ನಡುವೆ ಬಂದ 1523ರ ಅರ್ಧ. ಕೊನೆಯ ಜ್ಯೇಷ್ಠದ ಎರಡರಷ್ಟು ಎಂದರೆ 1523ರ ಘನದಿಂದ ಅದರ ಮೂರರಷ್ಟನ್ನು ಕಳೆದದ್ದು. ಹಾಗಾಗಿ 1523 ಅಲ್ಲಿ ಅಪವರ್ತನವಾಗಿ ಉಳಿಯದೆ ಬೇರೆ ದಾರಿಯಿಲ್ಲ. ಧೂಳಿನ ಹಲಗೆಯಲ್ಲಿ ಒರೆಸಿಹೋದ ಸಾಲು ಉತ್ತರದಲ್ಲಿ ಒರೆಸಿಹೋಗಿಲ್ಲ.

ಇಷ್ಟಕ್ಕೆ 61ರ ಉತ್ತರಗಳು ಮುಗಿಯುವುದಿಲ್ಲ. ಸಿಕ್ಕ ಜೋಡಿಯನ್ನು ತನ್ನೊಡನೆ ಬೆರೆಸಿದರೆ ಮುಂದಿನ ಜ್ಯೇಷ್ಠ 6239765965720528801. ಅದನ್ನು ಮೊದಲ ಜೋಡಿಯೊಡನೆ ಬೆರೆಸಿದರೆ ಇನ್ನೂ ಮುಂದಿನದು. ಎಷ್ಟು ದೂರ ಹೋದರೂ ವರ್ಗಗಳ ಅಂತರ ಅದೇ ಒಂದು.

ಫರ್ಮಾ ಕೇಳಿದ ಎರಡನೆಯ ಸಂಖ್ಯೆಗೂ ಚಕ್ರವಾಳವನ್ನು ಹೂಡಬಹುದು. 109ಕ್ಕೆ ಹತ್ತಿರದ ವರ್ಗ 100, ಒಂಬತ್ತು ಕಡಿಮೆ. ಕನಿಷ್ಠ 1, ಜ್ಯೇಷ್ಠ 10, ಕ್ಷೇಪ ಋಣ 9. 10ಕ್ಕೆ 8 ಕೂಡಿಸಿದರೆ ಒಂಬತ್ತರಿಂದ ಭಾಗವಾಗುತ್ತದೆ. ಮುಂದಿನ ಸಾಲು 2, 21, ಕ್ಷೇಪ 5. ಅದರ ಮುಂದಿನದು 9, 94, ಕ್ಷೇಪ 7. ಕ್ಷೇಪ ಒಂದಕ್ಕೆ ಬಂದು ನಿಲ್ಲುವಷ್ಟರಲ್ಲಿ ಜ್ಯೇಷ್ಠ ಹದಿನೈದು ಅಂಕಿಗಳಿಗೆ ಬೆಳೆದಿರುತ್ತದೆ: 158070671986249.